ಹಳೆಯ ಉಕ್ಕಿನ ಅಟ್ಟ ಎಷ್ಟು ಭಾರ ಹೊತ್ತೀತು?

ಬೆಳ್ಳೂರಿನ ಮಳಿಗೆ ಹಾಗೂ ದಾಸ್ತಾನು ಕಟ್ಟಡಗಳ ಮಾಲೀಕರು ಅರಿತಿರಬೇಕಾದ ಲೆಕ್ಕ

ಬೆಂಗಳೂರಿನಿಂದ ಹಾಸನ, ಮಂಗಳೂರುಗಳ ಕಡೆಗೆ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು ಕ್ರಮಿಸಿದರೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಎದುರಾಗುತ್ತದೆ. ಹೊಯ್ಸಳರ ಕಾಲದ ದೇವಾಲಯಗಳನ್ನುಳ್ಳ ಹಳೆಯ ಊರು ಒಂದೆಡೆ. ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಸಂಸ್ಥೆ 1986ರಲ್ಲಿ ಆರಂಭವಾದ ತರುವಾಯ ಬೆಳೆದ ಬಿ.ಜಿ. ನಗರ ಇನ್ನೊಂದೆಡೆ; ನಡುವೆ ಹೆದ್ದಾರಿಯ ವ್ಯಾಪಾರ. ಇಂತಹ ಊರುಗಳಲ್ಲಿ ನೆಲದ ಬೆಲೆ ಏರಿದಂತೆಲ್ಲ ವರ್ತಕರ ದೃಷ್ಟಿ ಸಹಜವಾಗಿಯೇ ಮೇಲಕ್ಕೆ ಹೊರಳುತ್ತದೆ. ಇರುವ ಮಳಿಗೆಯೊಳಗೇ ಉಕ್ಕಿನ ತೊಲೆಗಳ ಮೇಲೆ ನಿಂತ ಹಳೆಯ ಅಟ್ಟವೊಂದಿದೆ. ಇಷ್ಟು ಕಾಲ ಅಲ್ಲಿ ಖಾಲಿ ಡಬ್ಬ, ಹಳೆಯ ಲೆಕ್ಕದ ಪುಸ್ತಕಗಳಿದ್ದವು. ಈಗ ಅಲ್ಲಿಯೇ ಗೊಬ್ಬರದ ಮೂಟೆಯನ್ನೋ, ಪಶು ಆಹಾರವನ್ನೋ, ಔಷಧ ಪೆಟ್ಟಿಗೆಗಳನ್ನೋ ಪೇರಿಸಬಹುದಲ್ಲವೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಪ್ರಶ್ನೆ ಸಣ್ಣದಾಗಿ ತೋರಿದರೂ ಅದರ ಉತ್ತರವನ್ನು ಆಶ್ರಯಿಸಿ ಕೆಳಗೆ ನಿಂತು ವ್ಯವಹರಿಸುವ ಗಿರಾಕಿಗಳಿದ್ದಾರೆ, ಮೂಟೆ ಹೊರುವ ಹಮಾಲರಿದ್ದಾರೆ. ಹಾಗಿದ್ದೂ ಬಹುಪಾಲು ಸಂದರ್ಭಗಳಲ್ಲಿ ಉತ್ತರ ದೊರೆಯುವ ರೀತಿ ವಿಚಿತ್ರವಾದುದು. ಮಾಲೀಕರು ಅಟ್ಟದ ಮೇಲೆ ಒಮ್ಮೆ ನಡೆದಾಡಿ, ಕಾಲಿನಿಂದ ಗುದ್ದಿ ನೋಡಿ, ‘ಕಬ್ಬಿಣವಲ್ಲವೇ, ತಡೆಯುತ್ತದೆ’ ಎಂದು ತೀರ್ಮಾನಿಸುತ್ತಾರೆ. ಕಬ್ಬಿಣ ತಡೆಯುತ್ತದೆ ಎಂಬುದು ನಿಜ. ಎಷ್ಟನ್ನು ತಡೆಯುತ್ತದೆ ಎಂಬುದನ್ನು ಮಾತ್ರ ಕಾಲು ಹೇಳಲಾರದು.

ಮೈಸೂರಿನ ಪಾಠ

ಹಳೆಯ ವಾಣಿಜ್ಯ ಕಟ್ಟಡಗಳ ಸ್ಥಿತಿಗತಿಯನ್ನು ಕಾಲಕಾಲಕ್ಕೆ ಅಳೆದು ನೋಡದಿದ್ದಲ್ಲಿ ಏನಾದೀತೆಂಬುದಕ್ಕೆ ಬೆಳ್ಳೂರಿನವರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಅಸುನೀಗಿದರು. ಶತಮಾನ ದಾಟಿದ ಆ ಕಟ್ಟಡದಲ್ಲಿ ಅಂಗಡಿ ನಡೆಸುತ್ತಿದ್ದವರೆಲ್ಲ ಜಾಗ ತೆರವು ಮಾಡಬೇಕಾಯಿತು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟಿನಲ್ಲಿ, ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಕಟ್ಟಡವನ್ನು ಕೆಡವಬೇಕೋ ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ಆ ನಂತರ ವರ್ಷಗಟ್ಟಲೆ ನಡೆಯಿತು. ಈ ಎರಡೂ ಕಟ್ಟಡಗಳು ಉಕ್ಕಿನ ಚೌಕಟ್ಟಿನವಲ್ಲ, ಕಲ್ಲು-ಇಟ್ಟಿಗೆ-ಗಾರೆಯವು ಎಂಬುದನ್ನು ಒಪ್ಪಬೇಕು. ಆದರೆ ವರ್ತಕರಿಗೆ ಆದ ನಷ್ಟದ ಸ್ವರೂಪ ಒಂದೇ. ಕುಸಿದದ್ದು ಒಂದು ಭಾಗ, ನಿಂತದ್ದು ಇಡೀ ವ್ಯಾಪಾರ.

ಉಕ್ಕಿನ ಚೌಕಟ್ಟಿಗೆ ಸಂಬಂಧಿಸಿದ ದೊಡ್ಡ ಪಾಠವೊಂದು ಅಮೆರಿಕದ ಕನ್ಸಾಸ್ ಸಿಟಿಯಿಂದ ಬಂದಿದೆ. ಅಲ್ಲಿನ ಹಯಾತ್ ರೀಜೆನ್ಸಿ ಹೋಟೆಲಿನ ತೂಗು ನಡೆದಾರಿಗಳು 1981ರ ಜುಲೈ 17ರಂದು ಕಳಚಿ ಬಿದ್ದು 114 ಮಂದಿ ಮೃತಪಟ್ಟರು. ಸೋತದ್ದು ತೊಲೆಯಲ್ಲ, ಸಲಾಕೆ ತೊಲೆಯನ್ನು ಹಿಡಿದಿದ್ದ ಜೋಡಣೆ. ಮೂಲ ನಕ್ಷೆಯಲ್ಲಿ ಮೇಲಿನ ಹಾಗೂ ಕೆಳಗಿನ ದಾರಿಗಳೆರಡನ್ನೂ ಒಂದೇ ಅಖಂಡ ಸಲಾಕೆ ಹೊರಬೇಕಿತ್ತು. ನಿರ್ಮಾಣದ ಅನುಕೂಲಕ್ಕಾಗಿ ಅದನ್ನು ಎರಡು ತುಂಡಾಗಿಸಿದರು. ಕೆಳಗಿನ ದಾರಿಯ ಭಾರವೂ ಮೇಲಿನ ದಾರಿಯ ತೊಲೆಗೇ ಜೋತುಬಿದ್ದು, ಆ ಜೋಡಣೆಯ ಮೇಲಣ ಭಾರ ಇಮ್ಮಡಿಯಾಯಿತು. ಹಳೆಯ ಅಟ್ಟವನ್ನು ಪರೀಕ್ಷಿಸುವಾಗ ತೊಲೆಯ ಗಾತ್ರವನ್ನಷ್ಟೇ ನೋಡಿ ಹಿಂದಿರುಗುವವರು ಈ ಘಟನೆಯನ್ನು ನೆನೆಯುವುದು ಒಳ್ಳೆಯದು.

ಮೊದಲ ಕೆಲಸ: ತೊಲೆಯ ಗುರುತು ಹಿಡಿಯುವುದು

ಮಂಡ್ಯ, ತುಮಕೂರು, ಹಾಸನದ ಸೀಮೆಯಲ್ಲಿ ಹಳೆಯ ಅಟ್ಟಗಳ ಕೆಳಗೆ ಸಾಮಾನ್ಯವಾಗಿ ಮೂರು ಬಗೆಯ ಉಕ್ಕು ಕಾಣಸಿಗುತ್ತದೆ. ಇಂಗ್ಲೆಂಡಿನಿಂದಲೋ ಜಮ್‌ಶೆಡ್‌ಪುರದಿಂದಲೋ ಬಂದ ‘ಐ’ ಆಕಾರದ ತೊಲೆಗಳು ಮೊದಲನೆಯವು. ರೈಲ್ವೆ ಇಲಾಖೆ ವಿಲೇವಾರಿ ಮಾಡಿದ ಹಳೆಯ ಕಂಬಿಗಳು ಎರಡನೆಯವು. ಸ್ಥಳೀಯ ವೆಲ್ಡಿಂಗ್ ಅಂಗಡಿಗಳಲ್ಲಿ ಚಾನಲ್, ಆಂಗಲ್‌ಗಳನ್ನು ಕೂಡಿಸಿ ಮಾಡಿದ ಇತ್ತೀಚಿನ ಚೌಕಟ್ಟುಗಳು ಮೂರನೆಯವು. ಇವುಗಳ ಮೇಲೆ ಕಲ್ಲು ಚಪ್ಪಡಿ, ಇಟ್ಟಿಗೆಯ ಸಣ್ಣ ಕಮಾನು, ಕಾಂಕ್ರೀಟು ಅಥವಾ ಗೀರುಳ್ಳ ಉಕ್ಕಿನ ತಗಡು ಹಾಸಿರುತ್ತದೆ.

ಬಣ್ಣ, ಸುಣ್ಣಗಳನ್ನು ಕೆರೆದು ನೋಡಿದರೆ ತೊಲೆಯ ನಡುಪಟ್ಟಿಯ ಮೇಲೆ ತಯಾರಕರ ಹೆಸರು ಉಬ್ಬಿ ಮೂಡಿರುವುದುಂಟು: ಡಾರ್ಮನ್ ಲಾಂಗ್, ಟಾಟಾ ಮುಂತಾಗಿ. ಈ ಅಕ್ಷರಗಳು ಅಲಂಕಾರವಲ್ಲ. ಉಕ್ಕಿನ ಕಾಲ ಮತ್ತು ಗುಣವನ್ನು ಊಹಿಸಲು ಸಿಗುವ ಮೊದಲ ದಾಖಲೆ. ಟಾಟಾ ಕಾರ್ಖಾನೆ ಉಕ್ಕು ಹೊರತಂದದ್ದು 1912ರಲ್ಲಿ. ಅಳತೆಯೂ ಮಾತನಾಡುತ್ತದೆ. ತೊಲೆಯ ಆಳ ಸರಿಯಾಗಿ 200 ಮಿಲಿಮೀಟರ್ ಇದ್ದರೆ ಅದು ಮೆಟ್ರಿಕ್ ಪದ್ಧತಿಯ ಭಾರತೀಯ ತೊಲೆ, ಅಂದರೆ 1957ರಲ್ಲಿ ಭಾರತೀಯ ಮಾನಕ 808 ಹೊರಬಂದ ನಂತರದ್ದು. 203 ಮಿಲಿಮೀಟರ್ ಬಂದರೆ ಅದು ಎಂಟು ಅಂಗುಲದ ಬ್ರಿಟಿಷ್ ತೊಲೆ. ಈ ಎರಡನ್ನು ಒಂದೇ ಎಂದು ಎಣಿಸಿ ಇಂದಿನ ಕೋಷ್ಟಕದ ಅಂಕಿಗಳನ್ನು ಬಳಸುವುದು ತಪ್ಪು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹಳೆಯ ತೊಲೆಗಳನ್ನು ವಿನ್ಯಾಸಗೊಳಿಸಿದವರು ಉಕ್ಕಿನ ಮೇಲೆ ಇಂದಿನಷ್ಟು ಒತ್ತಡವನ್ನು ಹೇರುತ್ತಿರಲಿಲ್ಲ. ಲಂಡನ್ನಿನ 1909ರ ಕಾನೂನು ಚದರ ಅಂಗುಲಕ್ಕೆ 7.5 ಟನ್ನಿನ ಮಿತಿ ವಿಧಿಸಿತ್ತು. 1932ರ ಬ್ರಿಟಿಷ್ ಮಾನಕ ಅದನ್ನು 8 ಟನ್ನಿಗೆ ಏರಿಸಿತು. ಇಂದಿನ ಅಳತೆಯಲ್ಲಿ ಇವು ಕ್ರಮವಾಗಿ ಸುಮಾರು 116 ಮತ್ತು 124 ಮೆಗಾಪಾಸ್ಕಲ್. ಭಾರತೀಯ ಮಾನಕ 800ರ 1984ರ ಆವೃತ್ತಿ ಸಾಮಾನ್ಯ ಉಕ್ಕಿಗೆ 165 ಮೆಗಾಪಾಸ್ಕಲ್‌ವರೆಗೆ ಅನುಮತಿಸಿತು. 2007ರ ಆವೃತ್ತಿ ಈ ಇಡೀ ವಿಧಾನವನ್ನೇ ಬದಲಿಸಿ, ಮಿತಿ ಸ್ಥಿತಿಯ ಆಧಾರದ ಮೇಲೆ ಲೆಕ್ಕ ಹಾಕುವ ಪದ್ಧತಿಯನ್ನು ತಂದಿತು. ಆದಕಾರಣ ಹಳೆಯ ತೊಲೆಯಲ್ಲಿ ಬಳಕೆಯಾಗದ ಶಕ್ತಿ ಉಳಿದಿರುವ ಸಾಧ್ಯತೆ ಇದ್ದೇ ಇದೆ. ಆದರೆ ಅದನ್ನು ಊಹೆಯಿಂದ ಖರ್ಚು ಮಾಡುವಂತಿಲ್ಲ. ಕಡಿಮೆ ಒತ್ತಡವಿರುವ ಭಾಗದಿಂದ ಸಣ್ಣ ತುಂಡೊಂದನ್ನು ಕತ್ತರಿಸಿ ಪ್ರಯೋಗಾಲಯದಲ್ಲಿ ಎಳೆದು ನೋಡಿದರೆ ಮಾತ್ರ ಅದರ ನಿಜವಾದ ಬಲ ತಿಳಿಯುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಇಂಜಿನಿಯರೇ ಗುರುತಿಸಿಕೊಡತಕ್ಕದ್ದು.

ರೈಲು ಕಂಬಿಗಳ ವಿಚಾರ ಬೇರೆ. ಅವುಗಳ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಹೆಚ್ಚು. ಬಲವಿದ್ದರೂ ಬಾಗುವ ಗುಣ ಕಡಿಮೆ, ವೆಲ್ಡಿಂಗ್ ಮಾಡಿದ ಕಡೆ ಬಿರುಕು ಬಿಡುವ ಸಂಭವ ಅಧಿಕ. ಗಾಲಿಗಳು ಉರುಳಿ ತಲೆಭಾಗ ಸವೆದಿರುವುದೂ ಉಂಟು.

ಲೆಕ್ಕ ಹೇಗೆ?

ಒಂದು ಸರಾಸರಿ ಮಳಿಗೆಯನ್ನು ಊಹಿಸಿಕೊಳ್ಳಬಹುದು. ಗೋಡೆಯಿಂದ ಗೋಡೆಗೆ 5 ಮೀಟರ್, ಅಂದರೆ ಹದಿನಾರೂವರೆ ಅಡಿ ಅಂತರ. ಒಂದೂವರೆ ಮೀಟರಿಗೆ ಒಂದರಂತೆ 200 ಮಿಲಿಮೀಟರ್ ಆಳದ ಐ.ಎಸ್.ಎಂ.ಬಿ. ತೊಲೆಗಳು. ಮೇಲೆ 75 ಮಿಲಿಮೀಟರ್ ದಪ್ಪದ ಕಣಶಿಲೆಯ ಚಪ್ಪಡಿ, ಅದರ ಮೇಲೆ 50 ಮಿಲಿಮೀಟರ್ ಕಾಂಕ್ರೀಟು.

ಮೊದಲು ಅಟ್ಟದ ಸ್ವಂತ ಭಾರ. ಚಪ್ಪಡಿಯದು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ, ಕಾಂಕ್ರೀಟಿನದು 120. ತೊಲೆ ತಾನೇ ಮೀಟರಿಗೆ 25 ಕಿಲೋಗ್ರಾಂ ತೂಗುತ್ತದೆ. ಎಲ್ಲ ಸೇರಿ ಪ್ರತಿ ತೊಲೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 505 ಕಿಲೋಗ್ರಾಂ. ಒಂದು ಮೂಟೆಯನ್ನೂ ಇಡುವ ಮುನ್ನವೇ ಇಷ್ಟು ಭಾರ ತೊಲೆಯ ಮೇಲಿದೆ.

ಇನ್ನು ತೊಲೆಯ ಸಾಮರ್ಥ್ಯ. ಭಾರತೀಯ ಮಾನಕ ಸಂಸ್ಥೆಯ ಕೈಪಿಡಿಯ ಪ್ರಕಾರ ಈ ತೊಲೆಯ ಛೇದ ಮಾಪಾಂಕ 223.5 ಘನ ಸೆಂಟಿಮೀಟರ್. ಕೈಲೆಕ್ಕಕ್ಕೆ ಸುಲಭವಾಗಲೆಂದು ಹಳೆಯ ಅನುಮತಿಸಿದ ಒತ್ತಡದ ವಿಧಾನವನ್ನೇ ಬಳಸಿ, ಚದರ ಸೆಂಟಿಮೀಟರಿಗೆ 1650 ಕಿಲೋಗ್ರಾಂ ಎಂದು ಹಿಡಿದರೆ, 5 ಮೀಟರ್ ಅಂತರಕ್ಕೆ ತೊಲೆ ಪ್ರತಿ ಮೀಟರಿಗೆ ಒಟ್ಟು 1180 ಕಿಲೋಗ್ರಾಂ ಹೊರಬಲ್ಲದು. ಸ್ವಂತ ಭಾರ ಕಳೆದರೆ ಉಳಿಯುವುದು 675. ಒಂದೂವರೆ ಮೀಟರ್ ಅಗಲಕ್ಕೆ ಹಂಚಿದರೆ ಚದರ ಮೀಟರಿಗೆ 450 ಕಿಲೋಗ್ರಾಂ. ಆ ಭಾರಕ್ಕೆ ತೊಲೆ ನಡುವಿನಲ್ಲಿ 12 ಮಿಲಿಮೀಟರ್ ಬಾಗುತ್ತದೆ. ಬಿರುಕು ಬಿಡಬಹುದಾದ ಹಾಸಿಗೆಗೆ 2007ರ ಸಂಹಿತೆ ಹೇಳುವ ಮಿತಿ, ಅಂತರದ 360ನೆಯ ಒಂದು ಭಾಗ, ಅಂದರೆ ಸುಮಾರು 14 ಮಿಲಿಮೀಟರ್. ಇದರೊಳಗೇ ಬಂದಿತು.

ಈಗ ಬಳಕೆಯ ಕಡೆ ನೋಡಬೇಕು. ಭಾರತೀಯ ಮಾನಕ 875ರ ಎರಡನೆಯ ಭಾಗ, 1987ರ ಆವೃತ್ತಿ, ವಾಸದ ಕೊಠಡಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಚಿಲ್ಲರೆ ಅಂಗಡಿಗೆ 4, ಕಡತಗಳ ದಾಸ್ತಾನು ಕೊಠಡಿಗೆ 5 ಎಂದು ನಿಗದಿಪಡಿಸಿದೆ. ಒಂದು ಕಿಲೋನ್ಯೂಟನ್ ಎಂದರೆ ಸ್ಥೂಲವಾಗಿ 102 ಕಿಲೋಗ್ರಾಂ. ಉಗ್ರಾಣಕ್ಕಾದರೆ ಪೇರಿಸುವ ಎತ್ತರದ ಪ್ರತಿ ಮೀಟರಿಗೆ 2.4 ಕಿಲೋನ್ಯೂಟನ್, ಕನಿಷ್ಠ 7.5, ಅಂದರೆ 765 ಕಿಲೋಗ್ರಾಂ. ನಮೂನೆಯ ಅಟ್ಟ ಅಂಗಡಿಯಾಗಿ ತೇರ್ಗಡೆಯಾಗುತ್ತದೆ. ಕಡತದ ಕೊಠಡಿಯಾಗಿಯೇ ಅನುತ್ತೀರ್ಣವಾಗುತ್ತದೆ. ಉಗ್ರಾಣವಾಗಿ ಅದರ ಹತ್ತಿರಕ್ಕೂ ಬರುವುದಿಲ್ಲ.

ವರ್ತಕರಿಗೆ ಹೆಚ್ಚು ಪರಿಚಿತವಾದ ಭಾಷೆಯಲ್ಲಿ ಹೇಳುವುದಾದರೆ, 50 ಕಿಲೋಗ್ರಾಂ ಮೂಟೆಯೊಂದು ಮಲಗಿದಾಗ ಆಕ್ರಮಿಸುವ ಜಾಗ ಸುಮಾರು 0.3 ಚದರ ಮೀಟರ್. ಒಂದರ ಮೇಲೊಂದು ಎರಡು ಮೂಟೆಗಳಿಗೆ ಚದರ ಮೀಟರಿಗೆ 333 ಕಿಲೋಗ್ರಾಂ, ಮೂರಕ್ಕೆ 500. ಮೂರನೆಯ ಸಾಲಿಗೇ ಮಿತಿ ದಾಟಿತು. ಹತ್ತು ಮೂಟೆ ಪೇರಿಸಿದಲ್ಲಿ ಒಂದೂವರೆ ಟನ್ನಿಗೂ ಮಿಗಿಲು. ನಡುವೆ ಓಡಾಡುವ ದಾರಿ ಬಿಟ್ಟಿದ್ದರೆ ಸರಾಸರಿ ಭಾರ ಇಳಿಯುತ್ತದೆ, ನಿಜ. ಆದರೆ ಸುಗ್ಗಿಯ ಕಾಲದಲ್ಲಿ ಮೊದಲು ಮುಚ್ಚಿಹೋಗುವುದು ಆ ದಾರಿಯೇ.

ಈ ಅಂಕಿಗಳನ್ನು ಯಾರೂ ತಮ್ಮ ಅಟ್ಟಕ್ಕೆ ನೇರವಾಗಿ ಅನ್ವಯಿಸಿಕೊಳ್ಳಲಾಗದು. ಅಂತರ 5 ಮೀಟರಿನ ಬದಲು 6 ಆದರೆ ತೊಲೆ ಹೊರುವ ಒಟ್ಟು ಭಾರ ಮೂರನೆಯ ಒಂದು ಭಾಗದಷ್ಟು ಕುಸಿಯುತ್ತದೆ. ಚಪ್ಪಡಿಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಕಲ್ಲು ಉಕ್ಕಿನಂತೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ಅಂದಕ್ಕಾಗಿ ಹಳೆಯ ನೆಲದ ಮೇಲೆಯೇ ಗಾರೆ ಸುರಿದು ಹೊಸ ಬಿಲ್ಲೆ ಹಾಕಿಸುವ ಪದ್ಧತಿ ಬಹಳ ಕಡೆ ಇದೆ. ಐದು ಸೆಂಟಿಮೀಟರಿನ ಅಂತಹ ಪದರ ಚದರ ಮೀಟರಿಗೆ ನೂರು ಕಿಲೋಗ್ರಾಮಿಗೂ ಹೆಚ್ಚು ತೂಗಿ, 450ರಲ್ಲಿ ಅಷ್ಟನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ.

ಪಕ್ಕಕ್ಕೆ ವಾಲುವ ಅಪಾಯ

ಮೇಲಿನ ಲೆಕ್ಕದಲ್ಲಿ ಒಂದು ದೊಡ್ಡ ಷರತ್ತು ಅಡಗಿದೆ. ತೊಲೆಯ ಮೇಲಂಚು ಪಕ್ಕಕ್ಕೆ ಸರಿಯದಂತೆ ಉದ್ದಕ್ಕೂ ಹಿಡಿತ ಇರಬೇಕೆಂಬುದೇ ಆ ಷರತ್ತು. ಭಾರ ಬಿದ್ದಾಗ ತೊಲೆಯ ಮೇಲಂಚು ಒತ್ತಡಕ್ಕೆ ಸಿಲುಕುತ್ತದೆ. ಹಿಡಿತವಿಲ್ಲದಿದ್ದರೆ ಅದು ತೆಳ್ಳಗಿನ ಕೋಲಿನಂತೆ ಪಕ್ಕಕ್ಕೆ ಬಾಗಿ, ಇಡೀ ತೊಲೆ ತಿರುಚಿಕೊಳ್ಳುತ್ತದೆ. ಕಾಂಕ್ರೀಟಿನಲ್ಲಿ ಹೂತ ಮೇಲಂಚಿಗೆ ಈ ಭಯವಿಲ್ಲ. ಸುಮ್ಮನೆ ಕುಳಿತ ಚಪ್ಪಡಿ ಎಷ್ಟು ಹಿಡಿಯುತ್ತದೆ ಎಂಬುದು ಚರ್ಚಾಸ್ಪದ. ಮರದ ಹಲಗೆ ಅಥವಾ ಬಿಡಿ ತಗಡು ಹಾಸಿದ್ದರಂತೂ ಹಿಡಿತವನ್ನು ನಂಬುವಂತಿಲ್ಲ.

ಐದು ಮೀಟರ್ ಉದ್ದಕ್ಕೂ ಹಿಡಿತ ಇಲ್ಲವೆಂದು ಇಟ್ಟುಕೊಂಡು 1984ರ ಸಂಹಿತೆಯ ಸೂತ್ರದಂತೆ ಲೆಕ್ಕ ಮಾಡಿದರೆ, ಅದೇ ತೊಲೆಗೆ ಅನುಮತಿಸಬಹುದಾದ ಒತ್ತಡ 165ರಿಂದ ಸುಮಾರು 73 ಮೆಗಾಪಾಸ್ಕಲ್‌ಗೆ ಇಳಿಯುತ್ತದೆ. ಹೊರಬಲ್ಲ ಒಟ್ಟು ಭಾರ ಮೀಟರಿಗೆ 1180ರ ಬದಲು 530 ಕಿಲೋಗ್ರಾಂ. ಅದರಲ್ಲಿ 505 ಅಟ್ಟದ ಸ್ವಂತ ಭಾರಕ್ಕೇ ಸಂದಾಯವಾಗಿದೆ. ಒಂದೇ ತೊಲೆ, ಒಂದೇ ಉಕ್ಕು; ಒಂದು ಊಹೆಯಲ್ಲಿ ಅಂಗಡಿ ನಡೆಸಬಹುದು, ಇನ್ನೊಂದರಲ್ಲಿ ಏನನ್ನೂ ಇಡುವಂತಿಲ್ಲ. ಅನುಭವಿ ಇಂಜಿನಿಯರರ ಶುಲ್ಕ ಸಾರ್ಥಕವಾಗುವುದು ಇಂತಹ ಸ್ಥಳದಲ್ಲಿ. ತೊಲೆಗಳ ನಡುವೆ ಅಡ್ಡ ಆಂಗಲ್‌ಗಳನ್ನು ಕೂಡಿಸಿ ಮೇಲಂಚನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೆ ತಗಲುವ ಉಕ್ಕು ಅಲ್ಪ, ಅದರಿಂದ ದೊರೆಯುವ ಲಾಭ ಅಪಾರ.

ಇಟ್ಟಿಗೆಯ ಸಣ್ಣ ಕಮಾನುಗಳಿರುವ ಅಟ್ಟಗಳಲ್ಲಿ ಸಮಸ್ಯೆ ಬೇರೆ ರೂಪ ತಾಳುತ್ತದೆ. ಕಮಾನು ತೊಲೆಯನ್ನು ಪಕ್ಕಕ್ಕೆ ನೂಕುತ್ತದೆ. ಒಳಗಿನ ತೊಲೆಗಳಲ್ಲಿ ಎರಡು ಬದಿಯ ನೂಕು ಪರಸ್ಪರ ಕಳೆದುಹೋದರೂ ಕೊನೆಯ ಅಂಕಣದಲ್ಲಿ ಅದನ್ನು ತಡೆಯುವುದು ಉಕ್ಕಿನ ಅಡ್ಡ ಸಲಾಕೆ. ಫ್ಯಾನು ತೂಗುಹಾಕಲು ಅಡ್ಡಿಯೆಂದೋ, ನೋಟ ಕೆಡುತ್ತದೆಂದೋ ಅಂತಹ ಸಲಾಕೆಯನ್ನು ಕತ್ತರಿಸಿದರೆ ಕಮಾನುಗಳ ಸಾಲು ಒಂದರ ಹಿಂದೊಂದು ಸಡಿಲಗೊಳ್ಳಬಹುದು.

ತುಕ್ಕು ಎಲ್ಲಿ ಅಡಗಿರುತ್ತದೆ?

ನಡುಭಾಗದ ತುಕ್ಕು ಕಣ್ಣಿಗೆ ಬೀಳುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಗೋಡೆಯೊಳಗೆ ಸೇರಿದ ತುದಿಯಲ್ಲಿರುತ್ತದೆ. ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಆ ಜಾಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮೂನೆಯ ತೊಲೆಯ ನಡುಪಟ್ಟಿಯ ದಪ್ಪ 5.7 ಮಿಲಿಮೀಟರ್ ಮಾತ್ರ. ಎರಡೂ ಮುಖಗಳಿಂದ ಒಂದೊಂದು ಮಿಲಿಮೀಟರ್ ಹೋದರೆ ಉಳಿಯುವುದು 3.7, ಅಂದರೆ ಕತ್ತರಿ ಬಲವನ್ನು ತಡೆಯುವ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಷ್ಟ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಗೋಡೆಯೂ ಬಿರಿಯುತ್ತದೆ; ತೊಲೆಯ ತುದಿಯ ಸುತ್ತ ಗಾರೆ ಉಬ್ಬಿದ್ದರೆ ಅದನ್ನು ಒಡೆದು ನೋಡದೆ ಬಿಡಬಾರದು. ತುಕ್ಕನ್ನು ಹೆರೆದು, ಶ್ರವಣಾತೀತ ಧ್ವನಿಯ ದಪ್ಪಮಾಪಕದಿಂದ ಉಳಿದ ಲೋಹವನ್ನು ಅಳೆಯುವುದು ಅರ್ಧ ದಿನದ ಕೆಲಸ.

ರಸಗೊಬ್ಬರ, ಉಪ್ಪು ಇಟ್ಟ ಮಳಿಗೆಗಳಲ್ಲಿ, ಶೌಚಾಲಯದ ಕೆಳಗಿನ ಅಂಕಣಗಳಲ್ಲಿ ತುಕ್ಕಿನ ವೇಗ ಹೆಚ್ಚು. ಸಕ್ಕರೆ ಕಾರ್ಖಾನೆಗಳೂ ಈ ಪಟ್ಟಿಗೆ ಸೇರುತ್ತವೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ ಕಾಲದಿಂದ ಈ ಜಿಲ್ಲೆಗೆ ಪರಿಚಿತವಾದ ಉದ್ಯಮ ಅದು. ಕಬ್ಬಿನ ರಸ ಕುದಿಸುವ ಭಾರಿ ಪಾತ್ರೆಗಳು ಉಕ್ಕಿನ ಚೌಕಟ್ಟಿನ ಅಂತಸ್ತುಗಳ ಮೇಲೆಯೇ ನಿಂತಿರುತ್ತವೆ, ಸುತ್ತ ಸದಾ ಹಬೆ. 1948ರ ಕಾರ್ಖಾನೆಗಳ ಅಧಿನಿಯಮ ತನ್ನ 39ನೆಯ ಪ್ರಕರಣದಲ್ಲಿ, ಕಟ್ಟಡದ ಭದ್ರತೆಯ ಬಗೆಗೆ ಸಂದೇಹ ಬಂದಾಗ ನಕ್ಷೆಗಳನ್ನೂ ಪರೀಕ್ಷೆಯ ಫಲಿತಾಂಶವನ್ನೂ ಕೇಳುವ ಅಧಿಕಾರವನ್ನು ಇನ್ಸ್‌ಪೆಕ್ಟರರಿಗೆ ನೀಡಿತ್ತು. ಪೇಟೆಯ ಅಂಗಡಿಯ ಅಟ್ಟವನ್ನು ಹಾಗೆ ಬಂದು ಕೇಳುವವರು ವಿರಳ.

ಭಾರ ಹೇರಿ ನೋಡುವುದು

ನಕ್ಷೆಯಿಲ್ಲ, ಲೆಕ್ಕದಲ್ಲಿ ಸಂದೇಹ ಉಳಿಯಿತು ಎಂದಾಗ ನೇರವಾಗಿ ಭಾರ ಹೇರಿ ಪರೀಕ್ಷಿಸುವ ಮಾರ್ಗವಿದೆ. 2007ರ ಉಕ್ಕಿನ ಸಂಹಿತೆ ತನ್ನ 14ನೆಯ ವಿಭಾಗವನ್ನು ಇಂತಹ ಪರೀಕ್ಷೆಗಳಿಗೆ ಮೀಸಲಿಟ್ಟಿದೆ. ಕಾಂಕ್ರೀಟಿನ ಅಂತಸ್ತಿಗಾದರೆ 2000ದ ಭಾರತೀಯ ಮಾನಕ 456 ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಇರಿಸಿ, ತೆಗೆದ ಮೇಲೆ ಬಾಗಿದ್ದರಲ್ಲಿ ಮುಕ್ಕಾಲು ಭಾಗವಾದರೂ ಹಿಂದಿರುಗಬೇಕೆನ್ನುತ್ತದೆ. ಇದಕ್ಕೆ ನೀರು ಉತ್ತಮ ಸಾಧನ. ತಾಡಪಾಲಿನ ತೊಟ್ಟಿಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಲ್ಲಿಸಿದರೆ ಚದರ ಮೀಟರಿಗೆ ಸರಿಯಾಗಿ ನೂರು ಕಿಲೋಗ್ರಾಂ. 450ರ ಮಿತಿಗೆ 1.25 ಪಟ್ಟು ಎಂದರೆ 56 ಸೆಂಟಿಮೀಟರ್ ನೀರು. ಕೆಳಗೆ ಅಲ್ಪ ಅಂತರ ಬಿಟ್ಟು ಆಸರೆಯ ಕಂಬಗಳನ್ನು ನಿಲ್ಲಿಸದೆ, ಜನರನ್ನು ಹೊರಗೆ ಕಳುಹಿಸದೆ ಈ ಪ್ರಯೋಗಕ್ಕೆ ಕೈ ಹಾಕಬಾರದು. ಪಕ್ಕಕ್ಕೆ ತಿರುಚಿಕೊಳ್ಳುವ ತೊಲೆ ಮುನ್ಸೂಚನೆ ಕೊಡದು. ಅಲ್ಲದೆ ಪರೀಕ್ಷೆ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ. ಮುಂದಿನ ಐದು ಮಳೆಗಾಲಗಳ ತುಕ್ಕಿಗೆ ಅದು ಖಾತರಿಯಲ್ಲ.

ಬಲಪಡಿಸುವ ಬಗೆ

ಅಟ್ಟ ಸಾಲದೆಂದು ತಿಳಿದಾಗ ಕೆಡವುವುದೊಂದೇ ದಾರಿಯಲ್ಲ. ತೊಲೆಯ ನಡುವೆ ಒಂದು ಕಂಬ ಕೊಟ್ಟರೆ ಅಂತರ ಅರ್ಧವಾಗಿ, ಬಾಗುಬಲ ಕಾಲುಭಾಗಕ್ಕೆ ಇಳಿಯುತ್ತದೆ. ಉಗ್ರಾಣದ 765 ಕಿಲೋಗ್ರಾಮಿನ ಭಾರವನ್ನೂ ನಮೂನೆಯ ತೊಲೆ ಆಗ ಬಾಗುವಿಕೆಯಲ್ಲಿ ಸುಲಭವಾಗಿ ಹೊರುತ್ತದೆ. ಆದರೆ ಆ ಕಂಬಕ್ಕೆ ಐದು ಟನ್ನಿಗೂ ಹೆಚ್ಚು ಭಾರ ಇಳಿಯುತ್ತದೆ. ಚದರ ಮೀಟರಿಗೆ ಹತ್ತು ಟನ್ ಹೊರಬಲ್ಲ ಮಣ್ಣಾದರೂ ಅರ್ಧ ಚದರ ಮೀಟರಿಗಿಂತ ಕಿರಿದಾಗದ ತಳಪಾಯ ಅದಕ್ಕೆ ಬೇಕು. ನೆಲದ ಬಿಲ್ಲೆಯ ಮೇಲೆ ನೇರವಾಗಿ ಪೈಪು ನಿಲ್ಲಿಸಿ ಬಣ್ಣ ಬಳಿದ ಕಂಬಗಳು ಎಷ್ಟೋ ಮಳಿಗೆಗಳಲ್ಲಿ ಕಾಣುತ್ತವೆ. ಅವು ಹೊರುತ್ತಿರುವುದು ಮಾಲೀಕರ ಧೈರ್ಯವನ್ನು ಮಾತ್ರ.

ಕೆಳ ಅಂಚಿಗೆ ಪಟ್ಟಿ ವೆಲ್ಡ್ ಮಾಡಿಸುವುದು ಇನ್ನೊಂದು ಉಪಾಯ. ಹಳೆಯ ಉಕ್ಕಿನ ರಾಸಾಯನಿಕ ಪರೀಕ್ಷೆಯಿಲ್ಲದೆ ಈ ಕೆಲಸಕ್ಕೆ ಒಪ್ಪಬಾರದು. ಭಾರವನ್ನೆಲ್ಲ ಇಳಿಸಿ, ಕೆಳಗೆ ಆಸರೆ ಕೊಟ್ಟ ನಂತರವೇ ವೆಲ್ಡಿಂಗ್ ಆರಂಭಿಸಬೇಕು. ಕಾದ ಉಕ್ಕು ಬಲ ಕಳೆದುಕೊಳ್ಳುತ್ತದೆ. ಎರಕದ ಕಬ್ಬಿಣದ ಕಂಬಗಳಿದ್ದಲ್ಲಿ ವೆಲ್ಡಿಂಗಿನ ಮಾತನ್ನೇ ಬಿಟ್ಟು ಬೋಲ್ಟಿನ ಪಟ್ಟಿಗಳನ್ನು ಆಶ್ರಯಿಸುವುದು ವಿವೇಕ.

ಯಾವ ಖರ್ಚೂ ಬೇಡವೆನ್ನುವವರಿಗೆ ಮೂರನೆಯದೊಂದು ದಾರಿ ಉಳಿದಿದೆ: ಭಾರವನ್ನೇ ಕಡಿಮೆ ಮಾಡುವುದು. ಮೂಟೆಗಳು ನೆಲಮಟ್ಟದಲ್ಲಿರಲಿ, ಹಗುರ ಸರಕು ಅಟ್ಟಕ್ಕೇರಲಿ. ಇಂಜಿನಿಯರರು ಲಿಖಿತವಾಗಿ ಕೊಟ್ಟ ಮಿತಿಯನ್ನು ಮೆಟ್ಟಿಲ ಬಳಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಅಟ್ಟದ ಗೋಡೆಯ ಮೇಲೆ ಎರಡು ಮೂಟೆಯ ಎತ್ತರಕ್ಕೆ ಕೆಂಪು ಗೆರೆಯೊಂದನ್ನು ಎಳೆಸಿದರೆ ಕಿಲೋಗ್ರಾಮಿನ ಲೆಕ್ಕ ತಿಳಿಯದ ಹಮಾಲನಿಗೂ ಅದು ಅರ್ಥವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಪ್ರತಿವರ್ಷವೂ ಗೋಡೆಯೊಳಗೆ ಸೇರಿದ ತುದಿಗಳಿಂದ ಆರಂಭಿಸಿ ತೊಲೆಗಳನ್ನು ಒಮ್ಮೆ ನೋಡಿಸಿ, ದಿನಾಂಕದೊಡನೆ ಅಳತೆಗಳನ್ನು ಅಂಗಡಿಯ ದಫ್ತರದಲ್ಲಿಯೇ ಬರೆದಿಡತಕ್ಕದ್ದು.